ಕಂಪ್ಯೂಟರಿನ ಸದ್ದು ಕೆಟ್ಟಿದೆಯೇ? ಸೌಂಡ್ ಕಾರ್ಡ್ ಕೊಳ್ಳುವ ಮುನ್ನ ದೋಷ ಹುಡುಕುವ ಬಗೆ

ಹೆಡ್‌ಫೋನಿನಲ್ಲಿ ಏನೋ ಕಿರಿಕಿರಿ ಸದ್ದು ಬರುತ್ತಿದೆ ಎಂದರೆ ಸಾಕು, ‘ಮದರ್‌ಬೋರ್ಡಿನ ಆಡಿಯೋ ಅಷ್ಟಕ್ಕಷ್ಟೇ, ಒಂದು ಸೌಂಡ್ ಕಾರ್ಡ್ ಹಾಕಿಬಿಡಿ’ ಎಂಬ ಸಲಹೆ ತಯಾರಾಗಿರುತ್ತದೆ. ಸೌಂಡ್ ಕಾರ್ಡ್ ಎಂದರೆ ಸದ್ದಿನ ಕೆಲಸಕ್ಕೆಂದೇ ಕಂಪ್ಯೂಟರಿನೊಳಗೆ ಕೂರಿಸುವ ಪ್ರತ್ಯೇಕ ಬೋರ್ಡು. ಕಾರ್ಡ್ ಹಾಕಿದ ಮೇಲೂ ಅದೇ ಕಿರಿಕಿರಿ ಮುಂದುವರಿಯುವುದು ಅಪರೂಪವಲ್ಲ. ದೋಷ ಸೆಟ್ಟಿಂಗಿನಲ್ಲೋ ಕೇಬಲ್ಲಿನಲ್ಲೋ ಸಾಧನವನ್ನು ನಡೆಸುವ ತಂತ್ರಾಂಶವಾದ ಡ್ರೈವರಿನಲ್ಲೋ ಅರ್ತಿಂಗಿನಲ್ಲೋ ಇದ್ದರೆ ಕಾರ್ಡು ಏನು ಮಾಡೀತು? ಹಾಗಾಗಿ ಇಲ್ಲಿ ಕಿವಿಗೆ ಬೀಳುವ ಲಕ್ಷಣದಿಂದಲೇ ಹೊರಡೋಣ. ಯಾವ ಲಕ್ಷಣಕ್ಕೆ ಕಾರ್ಡು ಮದ್ದು, ಯಾವುದಕ್ಕೆ ದುಡ್ಡು ದಂಡ ಎಂಬುದು ಪರೀಕ್ಷೆ ಮಾಡುತ್ತಾ ತಾನೇ ಗೊತ್ತಾಗುತ್ತದೆ.

ಬೇಕಾಗುವ ಸಾಮಾನು ಕಡಿಮೆ: ಚೆನ್ನಾಗಿದೆ ಎಂದು ಖಾತ್ರಿಯಿರುವ ಇನ್ನೊಂದು ಹೆಡ್‌ಫೋನ್, 3.5 ಮಿ.ಮೀ. ಜಾಕ್ ಇರುವ ಫೋನ್ ಅಥವಾ ಬೇರೆ ಪ್ಲೇಯರ್, ಒಂದು ಟಾರ್ಚ್. ಯಾರಿಂದಲಾದರೂ ಯುಎಸ್‌ಬಿ ಆಡಿಯೋ ಅಡಾಪ್ಟರ್ (ಹೆಡ್‌ಫೋನ್ ಜಾಕ್ ಇರುವ ಪುಟ್ಟ ಹೊರ ಸಾಧನ) ಒಂದು ದಿನದ ಮಟ್ಟಿಗೆ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಎಚ್ಚರಿಕೆ: ಯಾವ ಪರೀಕ್ಷೆಗೂ ಹೆಡ್‌ಫೋನನ್ನು ಕಿವಿಗೆ ಹಾಕಿಕೊಂಡೇ ಪ್ಲಗ್ ಚುಚ್ಚಬೇಡಿ. ಮೊದಲು ವಾಲ್ಯೂಮ್ ತಗ್ಗಿಸಿ, ಪ್ಲಗ್ ಹಾಕಿ, ಆಮೇಲೆ ಕಿವಿಗೆ. ಆಂಪ್ಲಿಫೈಯರ್ ಇರುವ ಸ್ಪೀಕರಾದರೆ ಕೇಬಲ್ ಕೀಳುವ ಮುಂಚೆ ಸ್ಪೀಕರಿನ ಸ್ವಿಚ್ ಆರಿಸಿ. ಚಾಲೂ ಇರುವಾಗ ಎಳೆದರೆ ಬರುವ ಆ ‘ಢಂ’ ಸದ್ದು ಸಣ್ಣ ಸ್ಪೀಕರ್ ಕೋನನ್ನು ಹಾಳುಮಾಡಬಲ್ಲದು.

ಸದ್ದೇ ಬರುತ್ತಿಲ್ಲ

ಮೊದಲು ಆ ಹೆಡ್‌ಫೋನನ್ನು ಫೋನಿಗೆ ಹಾಕಿ ಕೇಳಿ. ಅಲ್ಲೂ ಮೌನವಾದರೆ ಕಂಪ್ಯೂಟರನ್ನು ದೂರುವುದು ಬೇಡ.

ಫೋನಿನಲ್ಲಿ ಸರಿಯಿದ್ದರೆ ಕಂಪ್ಯೂಟರಿನ ಸೌಂಡ್ ಸೆಟ್ಟಿಂಗ್ಸ್ ತೆರೆದು ಔಟ್‌ಪುಟ್ ಯಾವುದೆಂದು ನೋಡಿ. ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಆದ ಮೇಲೆ ಸದ್ದು ನಿಂತಿದ್ದರೆ, ಔಟ್‌ಪುಟ್ ಸದ್ದಿಲ್ಲದೆ ಎಚ್‌ಡಿಎಂಐ ಕಡೆಗೆ ತಿರುಗಿರುವ ಸಾಧ್ಯತೆಯೇ ಹೆಚ್ಚು. ಆಗ ಸದ್ದು ಮಾನಿಟರಿಗೆ ಹೋಗುತ್ತಿರುತ್ತದೆ. ಹಲವು ಮಾನಿಟರುಗಳಿಗೆ ಸ್ಪೀಕರೇ ಇರುವುದಿಲ್ಲ. ಸ್ಪೀಕರ್ ಅಥವಾ ಹೆಡ್‌ಫೋನ್ ಎಂಬ ಸಾಧನವನ್ನು ಮತ್ತೆ ಆರಿಸಿದರೆ ಅಲ್ಲಿಗೆ ಮುಗಿಯಿತು.

ವಾಲ್ಯೂಮ್ ಪಟ್ಟಿ ಹಸಿರಾಗಿ ಕುಣಿಯುತ್ತಿದೆ, ಕಿವಿಗೆ ಮಾತ್ರ ಏನೂ ಇಲ್ಲ ಎಂದರೆ ಕಂಪ್ಯೂಟರ್ ತನ್ನ ಪಾಲಿನ ಕೆಲಸ ಮಾಡುತ್ತಿದೆ, ಅಡ್ಡಿ ಜಾಕಿನ ಹತ್ತಿರ ಇದೆ ಎಂದರ್ಥ. ಹಿಂಭಾಗದಲ್ಲಿ ಬಣ್ಣದ ಗುರುತಿದ್ದರೆ ಸ್ಪೀಕರ್ ಅಥವಾ ಹೆಡ್‌ಫೋನಿಗೆ ತಿಳಿಹಸಿರು, ಮೈಕಿಗೆ ಗುಲಾಬಿ, ಹೊರಗಿನ ಪ್ಲೇಯರಿನ ಸದ್ದನ್ನು ಒಳಗೆ ತರುವ ಲೈನ್-ಇನ್‌ಗೆ ತಿಳಿನೀಲಿ. ಕೇಬಲ್ ನೀಲಿಯಲ್ಲಿ ಕೂತಿದ್ದರೆ ಎಷ್ಟು ಕಾದರೂ ಸದ್ದು ಬಾರದು. ಜಾಕಿನೊಳಗೆ ಪ್ಲಗ್ ಬಂದಿದೆಯೇ ಎಂದು ತಿಳಿಯುವ ಸಣ್ಣ ಸ್ವಿಚ್ಚೊಂದಿದೆ. ದೂಳು ತುಂಬಿ ಅದು ಒತ್ತಿದಂತೆಯೇ ನಿಂತುಬಿಟ್ಟರೆ, ಹೆಡ್‌ಫೋನ್ ತೆಗೆದ ಮೇಲೂ ಸ್ಪೀಕರ್ ಮೂಕವಾಗಿರುತ್ತದೆ. ಟಾರ್ಚ್ ಹಾಕಿ ನೋಡಿ, ಪ್ಲಗ್ಗನ್ನು ಹತ್ತಾರು ಸಲ ಒಳಗೆ ಹೊರಗೆ ಆಡಿಸಿ. ಸೂಜಿ, ಪಿನ್ನು ಹಾಕಿ ಕೆರೆಯಬೇಡಿ.

ಔಟ್‌ಪುಟ್‌ಗಳ ಪಟ್ಟಿಯಲ್ಲಿ ಸಾಧನವೇ ಕಾಣದಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಆಡಿಯೋ ಸಾಧನವನ್ನು ತೆಗೆದುಹಾಕಿ ಕಂಪ್ಯೂಟರನ್ನು ಮರುಚಾಲನೆ ಮಾಡಿ. ಡ್ರೈವರ್ ತಾನಾಗಿ ಬರುತ್ತದೆ. ಬರದಿದ್ದರೆ ಮದರ್‌ಬೋರ್ಡ್ ತಯಾರಕರ ಡ್ರೈವರ್ ಹಾಕಿ. ಅದಕ್ಕೂ ಬಗ್ಗದಿದ್ದರೆ ಬಯೋಸ್‌ಗೆ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್) ಹೋಗಿ ಆನ್‌ಬೋರ್ಡ್ ಆಡಿಯೋ ಬಂದ್ ಆಗಿದೆಯೇ ನೋಡಿ. ಲಿನಕ್ಸ್‌ನಲ್ಲಾದರೆ ಮೊದಲು ಆಲ್ಸಾಮಿಕ್ಸರ್ ಎಂಬ ವಾಲ್ಯೂಮ್ ತಂತ್ರಾಂಶ ತೆರೆಯಿರಿ. ವಾಲ್ಯೂಮ್ ಪಟ್ಟಿಯ ಕೆಳಗೆ ಎರಡು ಎಂ ಅಕ್ಷರ ಕಂಡರೆ ಅದು ಮ್ಯೂಟ್ ಆಗಿದೆ. ಎಂ ಕೀಲಿ ಒತ್ತಿದರೆ ಬಿಡುತ್ತದೆ. ‘ಆಟೋ-ಮ್ಯೂಟ್’ ಎಂಬ ಆಯ್ಕೆಯನ್ನು ಬಂದ್ ಮಾಡಿ ನೋಡುವುದೂ ಲೇಸು.

ಬಯೋಸ್‌ನಲ್ಲಿ ಚಾಲೂ ಇದ್ದೂ, ಡ್ರೈವರ್ ಹಾಕಿಯೂ, ಬೇರೆ ಆಪರೇಟಿಂಗ್ ಸಿಸ್ಟಂನಿಂದ ಬೂಟ್ ಮಾಡಿಯೂ ಸಾಧನ ಕಾಣದಿದ್ದರೆ ಆಗ ಮದರ್‌ಬೋರ್ಡಿನ ಆಡಿಯೋ ಚಿಪ್ಪು ಸತ್ತಿರಬಹುದು. ಕಾರ್ಡೋ ಯುಎಸ್‌ಬಿ ಅಡಾಪ್ಟರೋ ಕೊಳ್ಳಲು ಇದು ನ್ಯಾಯವಾದ ಕಾರಣ. ಮದರ್‌ಬೋರ್ಡ್ ಬದಲಿಸುವ ಅಗತ್ಯವಿಲ್ಲ.

ಹಾಡುವವರ ದನಿ ಮಾಯ, ವಾದ್ಯ ಮಾತ್ರ ಕೇಳುತ್ತದೆ

ಇದನ್ನು ಕೇಳಿದವರು ಚಿಪ್ಪೇ ಕೆಟ್ಟಿತೆಂದು ಹೆದರುತ್ತಾರೆ. ನಿಜವಾದ ಕಾರಣ ಬಹಳ ಸಣ್ಣದು. ಪ್ಲಗ್ಗಿನ ಗ್ರೌಂಡ್ ಸಂಪರ್ಕ (ಎರಡೂ ಚಾನೆಲ್‌ಗಳ ಕರೆಂಟು ಮರಳುವ ಒಂದೇ ದಾರಿ) ತಪ್ಪಿದಾಗ ಎಡ ಮತ್ತು ಬಲ ಚಾನೆಲ್‌ಗಳ ವ್ಯತ್ಯಾಸ ಮಾತ್ರ ಕಿವಿಗೆ ಬರುತ್ತದೆ. ಹಾಡುವವರ ದನಿ ಎರಡೂ ಚಾನೆಲ್‌ಗಳಲ್ಲಿ ಸಮನಾಗಿರುವುದರಿಂದ ಅದೇ ಅಳಿಸಿಹೋಗುತ್ತದೆ, ಬದಿಗಳಲ್ಲಿರುವ ವಾದ್ಯಗಳೂ ಮಾರ್ದನಿಯೂ ಟೊಳ್ಳಾಗಿ ಉಳಿಯುತ್ತವೆ.

ಪ್ಲಗ್ ಪೂರ್ತಿ ಒಳಗೆ ಹೋಗಿದೆಯೇ ನೋಡಿ. ಮೈಕ್ ಇರುವ ಹೆಡ್‌ಸೆಟ್ಟಿನ ಪ್ಲಗ್ಗಿನಲ್ಲಿ ಮೂರು ಕಪ್ಪು ಉಂಗುರ, ಅಂದರೆ ನಾಲ್ಕು ಸಂಪರ್ಕ ಇರುತ್ತವೆ. ಡೆಸ್ಕ್‌ಟಾಪಿನ ಹಸಿರು ಜಾಕಿನಲ್ಲಿ ಸಾಮಾನ್ಯವಾಗಿ ಮೂರೇ. ಎರಡೂ ಒಂದಕ್ಕೊಂದು ಸರಿಯಾಗಿ ಕೂರದಿದ್ದರೆ ಇದೇ ಲಕ್ಷಣ. ಪ್ಲಗ್ಗನ್ನು ಅರ್ಧ ಮಿಲಿಮೀಟರ್ ಹೊರಗೆಳೆದಾಗ ದನಿ ಮರಳಿದರೆ ರೋಗ ಗೊತ್ತಾಯಿತು: ಹೆಡ್‌ಫೋನ್ ಮತ್ತು ಮೈಕನ್ನು ಎರಡು ಪ್ಲಗ್ಗಾಗಿ ಬೇರ್ಪಡಿಸುವ ವೈ ಆಕಾರದ ಕೇಬಲ್ ಹಾಕಿ. ಒಂದೇ ಕಿವಿಗೆ ಸದ್ದು ಬರುವುದು, ಕೇಬಲ್ ತಿರುಚಿದರೆ ಬಂದು ಹೋಗುವುದು ಇವೂ ಇದೇ ಜಾತಿ. ಕಾರ್ಡು ಬೇಡ.

ಮೌಸ್ ಆಡಿಸಿದರೆ ಕಿರ್ರ್, ಫೈಲ್ ನಕಲಾಗುವಾಗ ಚರಚರ

ಯಾವ ಹಾಡನ್ನೂ ಹಾಕದೆ ವಾಲ್ಯೂಮ್ ಏರಿಸಿ, ಮೌಸನ್ನು ವೃತ್ತಾಕಾರವಾಗಿ ತಿರುಗಿಸಿ. ಸದ್ದು ಕೈಯ ತಾಳಕ್ಕೆ ತಕ್ಕಂತೆ ಏರಿಳಿದರೆ, ಅಥವಾ ಆಟ ತೆರೆದಾಗ ಗ್ರಾಫಿಕ್ಸ್ ಕಾರ್ಡಿನ ಜೊತೆ ಕೀರಲು ಶುರುವಾದರೆ, ಡಿಜಿಟಲ್ ಭಾಗದ ಗಲಾಟೆ ಜಾಕಿಗೆ ಸದ್ದು ಒಯ್ಯುವ ಅನಲಾಗ್ ದಾರಿಗೆ ಸೋರುತ್ತಿದೆ. ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ಹೋಗುವ ಕರೆಂಟು ಸೆಕೆಂಡಿಗೆ ಲಕ್ಷಾಂತರ ಸಲ ಏರಿಳಿಯುತ್ತದೆ. ಆಡಿಯೋ ಸರ್ಕ್ಯೂಟ್ ಅದೇ ಗ್ರೌಂಡನ್ನು ಹಂಚಿಕೊಂಡಿರುವುದರಿಂದ ಆ ಏರಿಳಿತ ಕಿವಿಗೂ ಬರುತ್ತದೆ.

ಇಲ್ಲೇ ಅನೇಕರು ಕಾರ್ಡ್ ಕೊಳ್ಳಲು ಓಡುವುದು. ಸ್ವಲ್ಪ ತಾಳಿ.

1. ಮುಂಭಾಗದ ಜಾಕಿನಲ್ಲಿದ್ದರೆ ಹಿಂಭಾಗದ ಹಸಿರು ಜಾಕಿಗೆ ಬದಲಿಸಿ. ಮುಂಭಾಗದ ಕೇಬಲ್ ಇಡೀ ಬೋರ್ಡಿನ ಉದ್ದಕ್ಕೂ, ಬಹುಪಾಲು ಗ್ರಾಫಿಕ್ಸ್ ಕಾರ್ಡಿನ ಅಡಿಯಲ್ಲೇ ಹಾದು ಬರುತ್ತದೆ; ಗಲಾಟೆಯನ್ನು ಆಂಟೆನಾದಂತೆ ಹಿಡಿಯುತ್ತದೆ. ಹಿಂಭಾಗದ ಜಾಕಿನಲ್ಲಿ ಸದ್ದು ಸ್ವಚ್ಛವಾಗಿದ್ದರೆ ಚಿಪ್ಪಿನಲ್ಲಿ ದೋಷವಿಲ್ಲ. ಒಂದು ಎಕ್ಸ್‌ಟೆನ್ಷನ್ ಕೇಬಲ್ ಹಾಕಿಕೊಂಡರೆ ಸಾಕು.

2. ಸೌಂಡ್ ಸೆಟ್ಟಿಂಗಿನ ಲೆವೆಲ್ಸ್ ಭಾಗದಲ್ಲಿ ಮೈಕ್, ಲೈನ್-ಇನ್ ಇವುಗಳ ಸದ್ದು ನೇರವಾಗಿ ಸ್ಪೀಕರಿಗೆ ಹೋಗುತ್ತಿದ್ದರೆ ಮ್ಯೂಟ್ ಮಾಡಿ. ಬಳಕೆಯಲ್ಲಿಲ್ಲದ ತೆರೆದ ಇನ್‌ಪುಟ್ ಬೇಡದ್ದನ್ನೆಲ್ಲ ಹೀರುತ್ತದೆ.

3. ಕಂಪ್ಯೂಟರಿನ ವಾಲ್ಯೂಮ್ 80–90ರಲ್ಲಿಟ್ಟು ಸ್ಪೀಕರಿನ ವಾಲ್ಯೂಮ್ ಗುಂಡಿಯನ್ನು ತಗ್ಗಿಸಿ. ಕಂಪ್ಯೂಟರಿನಲ್ಲಿ 10, ಸ್ಪೀಕರಿನಲ್ಲಿ ಪೂರ್ತಿ ಎಂದಿಟ್ಟರೆ ಹಾಡಿನ ಜೊತೆ ಗಲಾಟೆಯೂ ದೊಡ್ಡದಾಗುತ್ತದೆ.

4. ಸಾಲ ತಂದ ಯುಎಸ್‌ಬಿ ಅಡಾಪ್ಟರನ್ನು ಹಿಂಭಾಗದ ಪೋರ್ಟಿಗೆ ಹಾಕಿ ಅದೇ ಹೆಡ್‌ಫೋನಿನಲ್ಲಿ ಕೇಳಿ.

ನಾಲ್ಕನೆಯದೇ ತೀರ್ಪು. ಹಿಂಭಾಗದ ಜಾಕಿನಲ್ಲಿ ಕಿರ್ರ್, ಅಡಾಪ್ಟರಿನಲ್ಲಿ ನಿಶ್ಶಬ್ದ ಎಂದಾದರೆ ಮದರ್‌ಬೋರ್ಡಿನ ಅನಲಾಗ್ ಭಾಗವೇ ದುರ್ಬಲ; ಬೇರೆ ಸಾಧನ ಕೊಳ್ಳಿ. ಒಳಗಿನ ಕಾರ್ಡೋ ಹೊರಗಿನ ಯುಎಸ್‌ಬಿ ಪೆಟ್ಟಿಗೆಯೋ ಎಂದರೆ ಈ ಲಕ್ಷಣಕ್ಕೆ ಹೊರಗಿನದೇ ಸರಿ. ಒಳಗಿನ ಕಾರ್ಡು ಅದೇ ಕ್ಯಾಬಿನೆಟ್ಟಿನಲ್ಲಿ, ಅದೇ ಪವರ್ ಸಪ್ಲೈಯಿಂದ ಬದುಕುತ್ತದೆ. ಒಳ್ಳೆಯ ಕಾರ್ಡುಗಳಲ್ಲಿ ತಗಡಿನ ಹೊದಿಕೆ, ಪ್ರತ್ಯೇಕ ರೆಗ್ಯುಲೇಟರ್ ಇರುತ್ತವೆ ನಿಜ. ಆದರೂ ಗಲಾಟೆಯಿಂದ ದೂರ ಸರಿಯುವುದು ಅದನ್ನು ತಡೆಯುವುದಕ್ಕಿಂತ ಸುಲಭ.

ಚಿಪ್ಪಿನ ಹೆಸರು ನೋಡಿ ಮಾರುಹೋಗುವವರಿಗೆ ಒಂದು ಮಾತು. ರಿಯಲ್‌ಟೆಕ್ ಎಎಲ್‌ಸಿ1220 ಎಂಬ ಆಡಿಯೋ ಚಿಪ್ಪಿಗೆ 120 ಡೆಸಿಬೆಲ್‌ನ ಸಿಗ್ನಲ್-ನಾಯ್ಸ್ ಅನುಪಾತವನ್ನು (ಸದ್ದಿಗೂ ಗಲಾಟೆಗೂ ಇರುವ ಅಂತರ) ಬರೆದಿರುತ್ತಾರೆ. 16 ಬಿಟ್ ಸಿಡಿಗೆ ಬೇಕಾದದ್ದು ಸುಮಾರು 96. ಆ 120 ಚಿಪ್ಪಿನದು, ಜಾಕಿನದಲ್ಲ. ನಡುವಿನ ಸರ್ಕ್ಯೂಟನ್ನು ಬೋರ್ಡ್ ತಯಾರಕರು ಹೇಗೆ ಹಾಸಿದ್ದಾರೆ ಎಂಬುದರ ಮೇಲೆ ಒಂದೇ ಚಿಪ್ಪು ಒಂದು ಬೋರ್ಡಿನಲ್ಲಿ ಸ್ವಚ್ಛವಾಗಿಯೂ ಇನ್ನೊಂದರಲ್ಲಿ ಗಲೀಜಾಗಿಯೂ ಕೇಳಬಹುದು.

ಸ್ಪೀಕರಿನಲ್ಲಿ ಎಡೆಬಿಡದ ಗುಂಯ್

ಇದು ಮೌಸಿಗೆ ಸ್ಪಂದಿಸುವುದಿಲ್ಲ, ಆಟಕ್ಕೂ ಇಲ್ಲ. ಒಂದೇ ಸ್ಥಾಯಿಯಲ್ಲಿ ತಗ್ಗುದನಿಯ ಗುಂಯ್. ವಿದ್ಯುತ್ತಿನ 50 ಅಥವಾ 60 ಹರ್ಟ್ಸ್ ಕಂಪನ, ಇಲ್ಲವೇ ಅದರ ಎರಡರಷ್ಟು. ಕಂಪ್ಯೂಟರೂ ಸ್ಪೀಕರೂ ಬೇರೆ ಬೇರೆ ಕಡೆ ಅರ್ತಿಂಗ್ ಪಡೆದು, ಆಡಿಯೋ ಕೇಬಲ್ಲಿನ ಮೂಲಕ ಮತ್ತೆ ಕೂಡಿಕೊಂಡಾಗ ಒಂದು ಸುತ್ತು ಏರ್ಪಡುತ್ತದೆ. ಆ ಸುತ್ತಿನಲ್ಲಿ ಹರಿಯುವ ಅಲ್ಪ ಕರೆಂಟೇ ಗುಂಯ್‌ಗುಡುವುದು. ಇದಕ್ಕೆ ಗ್ರೌಂಡ್ ಲೂಪ್ ಎನ್ನುತ್ತಾರೆ. ಹೊಸ ಕಾರ್ಡಿನ ಗ್ರೌಂಡೂ ಅದೇ ಕ್ಯಾಬಿನೆಟ್ಟಿಗೆ ಸೇರುವುದರಿಂದ ಲೂಪ್ ಹಾಗೇ ಉಳಿಯುತ್ತದೆ. ಈ ಒಂದು ಲಕ್ಷಣಕ್ಕೆ ಒಳಗಿನ ಕಾರ್ಡ್ ಕೊಳ್ಳುವುದು ಪೂರ್ತಿ ದಂಡ.

ಆಡಿಯೋ ಕೇಬಲ್ಲನ್ನು ಕಂಪ್ಯೂಟರಿನ ತುದಿಯಲ್ಲಿ ಕಿತ್ತು ಬ್ಯಾಟರಿಯ ಮೇಲೆ ನಡೆಯುವ ಫೋನಿಗೆ ಹಾಕಿ. ಗುಂಯ್ ಉಳಿದರೆ ದೋಷ ಸ್ಪೀಕರಿನದು ಅಥವಾ ಕೇಬಲ್ಲಿನದು. ಹೋದರೆ ಲೂಪ್. ಲ್ಯಾಪ್‌ಟಾಪ್ ಆದರೆ ಇನ್ನೂ ಸುಲಭ: ಚಾರ್ಜರ್ ಕಿತ್ತಾಗ ಗುಂಯ್ ನಿಂತರೆ ಸಾಕ್ಷಿ ಸಿಕ್ಕಿತು.

ಲೂಪ್ ಎಂದಾದರೆ ಮೊದಲು ಕಂಪ್ಯೂಟರ್, ಮಾನಿಟರ್, ಸ್ಪೀಕರ್ ಮೂರನ್ನೂ ಒಂದೇ ಪವರ್ ಸ್ಟ್ರಿಪ್ಪಿಗೆ ತನ್ನಿ. ಕಂಪ್ಯೂಟರಿಗೆ ಟಿವಿ ಜೋಡಿಸಿದ್ದರೆ ಟಿವಿಯ ಆಂಟೆನಾ ಅಥವಾ ಕೇಬಲ್ ತಂತಿ ಕಿತ್ತು ನೋಡಿ. ಹೊರಗಿನಿಂದ ಬರುವ ಆ ತಂತಿ ಇನ್ನೊಂದು ಗ್ರೌಂಡನ್ನು ಮನೆಯೊಳಗೆ ತರುತ್ತದೆ. ಇಷ್ಟಕ್ಕೂ ಹೋಗದಿದ್ದರೆ 3.5 ಮಿ.ಮೀ.ನ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ. ಅದರೊಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್ ಬಿಟ್ಟರೆ ಬೇರೇನಿಲ್ಲ. ತೀರ ಅಗ್ಗದ್ದರಲ್ಲಿ ಮಂದ್ರ ಸ್ವರ ಸ್ವಲ್ಪ ತೆಳುವಾಗುತ್ತದೆ. ಕಂಪ್ಯೂಟರಿನಲ್ಲೂ ಸ್ಪೀಕರಿನಲ್ಲೂ ಆಪ್ಟಿಕಲ್ ಸಾಕೆಟ್ ಇದ್ದರೆ ಅದೇ ಅತ್ಯುತ್ತಮ ದಾರಿ: ನಡುವೆ ಹರಿಯುವುದು ಬೆಳಕು, ಲೂಪ್ ಆಗಲು ತಂತಿಯೇ ಇಲ್ಲ.

ಗುಂಯ್ ನಿಲ್ಲಿಸಲು ಪ್ಲಗ್ಗಿನ ಅರ್ತಿಂಗ್ ಪಿನ್ನನ್ನು ಮುರಿಯುವುದು, ಅದಕ್ಕೆ ಟೇಪ್ ಸುತ್ತುವುದು, ಎರಡು ಪಿನ್ನಿನ ಅಡಾಪ್ಟರ್ ಹಾಕುವುದು ಎಂದಿಗೂ ಬೇಡ. ಸದ್ದು ನಿಲ್ಲುತ್ತದೆ ನಿಜ. ನಾಳೆ ಒಳಗೆ ವೈರ್ ಕಳಚಿ ಕ್ಯಾಬಿನೆಟ್ಟಿಗೆ ತಾಗಿದರೆ ಆ ಕರೆಂಟಿಗೆ ನಿಮ್ಮ ಮೈಯೇ ದಾರಿ.

ಟಪ್ ಟಪ್ ಸಿಡಿತ, ಹಾಡು ತುಂಡು ತುಂಡು

ಆಡಿಯೋ ದತ್ತಾಂಶ ಸಣ್ಣ ಸಣ್ಣ ಕಂತುಗಳಲ್ಲಿ ಹೋಗುತ್ತದೆ. 48 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 48,000 ಸ್ಯಾಂಪಲ್ (ಸದ್ದಿನ ಅಳತೆ) ಲೆಕ್ಕದಲ್ಲಿ, 480 ಸ್ಯಾಂಪಲ್ ಎಂದರೆ 10 ಮಿಲಿಸೆಕೆಂಡು. ಮುಂದಿನ ಕಂತು ಅಷ್ಟರೊಳಗೆ ಬರದಿದ್ದರೆ ನಡುವೆ ತೆರಪು ಬೀಳುತ್ತದೆ, ಕಿವಿಗೆ ‘ಟಪ್’. ತಡಮಾಡುವುದು ಸಾಮಾನ್ಯವಾಗಿ ಆಡಿಯೋ ಚಿಪ್ಪಲ್ಲ, ಪ್ರೊಸೆಸರನ್ನು ಹಿಡಿದಿಟ್ಟುಕೊಂಡ ಬೇರೆ ಯಾವುದೋ ಡ್ರೈವರ್. ಹೆಚ್ಚಾಗಿ ವೈಫೈ, ನೆಟ್‌ವರ್ಕ್ ಅಥವಾ ಗ್ರಾಫಿಕ್ಸ್‌ನದು.

ವೈಫೈ ಬಂದ್ ಮಾಡಿ ಐದು ನಿಮಿಷ ಕೇಳಿ. ಪವರ್ ಪ್ಲಾನನ್ನು ಹೈ ಪರ್ಫಾರ್ಮೆನ್ಸ್‌ಗೆ ಬದಲಿಸಿ ಕೇಳಿ. ಆಡಿಯೋ ಎನ್‌ಹ್ಯಾನ್ಸ್‌ಮೆಂಟ್‌ಗಳನ್ನು ಆರಿಸಿ. ಫಾರ್ಮ್ಯಾಟ್ 192 ಕಿಲೋಹರ್ಟ್ಸ್‌ಗೆ ಏರಿಸಿದ್ದರೆ 48ಕ್ಕೆ ಇಳಿಸಿ. ಕಿವಿಗೆ ನಷ್ಟವಿಲ್ಲ, ಹೊರೆ ಕಾಲುಭಾಗಕ್ಕೆ ಇಳಿಯುತ್ತದೆ. ವಿಂಡೋಸ್‌ನಲ್ಲಿ ಲೇಟೆನ್ಸಿಮಾನ್ ಎಂಬ ತಂತ್ರಾಂಶವನ್ನು ಹತ್ತು ನಿಮಿಷ ಓಡಲು ಬಿಟ್ಟರೆ ಅತಿ ಹೆಚ್ಚು ತಡಮಾಡಿದ ಡ್ರೈವರಿನ ಹೆಸರನ್ನೇ ತೋರಿಸುತ್ತದೆ. ಅದನ್ನು ಅಪ್‌ಡೇಟ್ ಮಾಡಿ, ಅಪ್‌ಡೇಟಿನ ನಂತರವೇ ಶುರುವಾಗಿದ್ದರೆ ಹಿಂದಿನ ಆವೃತ್ತಿಗೆ ಮರಳಿ. ಯುಎಸ್‌ಬಿ ಸಾಧನದಲ್ಲಿ ಸಿಡಿತವಿದ್ದರೆ ಹಬ್ ಬಿಟ್ಟು ನೇರ ಪೋರ್ಟಿಗೆ ಹಾಕಿ, ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ (ಕರೆಂಟು ಉಳಿಸಲು ಸಾಧನವನ್ನು ಮಲಗಿಸುವ ಆಯ್ಕೆ) ಬಂದ್ ಮಾಡಿ.

ಹಾಡು ಶುರುವಾಗುವಾಗ, ಮುಗಿದು ಕೆಲ ಸೆಕೆಂಡಿನ ಮೇಲೆ ಮಾತ್ರ ಒಂದೊಂದು ಟಪ್ ಬಂದರೆ ಅದು ಬೇರೆ ಕತೆ: ಕರೆಂಟು ಉಳಿಸಲು ಚಿಪ್ಪು ಮಲಗಿ ಏಳುತ್ತಿದೆ. ಆಡಿಯೋದ ಪವರ್ ಸೇವಿಂಗ್ ಬಂದ್ ಮಾಡಿದರೆ ನಿಲ್ಲುತ್ತದೆ.

‘ಕಾರ್ಡ್ ಹಾಕಿದರೆ ಪ್ರೊಸೆಸರಿನ ಹೊರೆ ಇಳಿದು ಆಟ ವೇಗವಾಗುತ್ತದೆ’ ಎಂಬ ನಂಬಿಕೆ ವಿಂಡೋಸ್ ಎಕ್ಸ್‌ಪಿ ಕಾಲದ್ದು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾ, ಆಟಗಳ ಸದ್ದು ನುಡಿಸುವ ಡೈರೆಕ್ಟ್‌ಸೌಂಡ್ ಭಾಗಕ್ಕಿದ್ದ ಹಾರ್ಡ್‌ವೇರ್ ನೆರವನ್ನು ತೆಗೆದುಹಾಕಿತು. ಈಗ ಸದ್ದುಗಳನ್ನು ಬೆರೆಸುವ ಕೆಲಸವನ್ನು ಪ್ರೊಸೆಸರೇ ಮಾಡುತ್ತದೆ, ಅದಕ್ಕೆ ಆ ಹೊರೆ ಲೆಕ್ಕಕ್ಕೇ ಇಲ್ಲ.

ಪೂರ್ತಿ ಏರಿಸಿದರೂ ಸದ್ದು ಸಣ್ಣ

ಕರೆ ಬಂದಾಗ ಮಾತ್ರ ಹಾಡು ತಗ್ಗುತ್ತದೆಯೇ? ವಿಂಡೋಸ್ ಕರೆಯ ಸಮಯದಲ್ಲಿ ಉಳಿದ ಸದ್ದನ್ನು 80 ಶೇಕಡ ತಗ್ಗಿಸುವಂತೆ ಇರುತ್ತದೆ. ಕಮ್ಯುನಿಕೇಷನ್ಸ್ ಟ್ಯಾಬಿನಲ್ಲಿ ‘ಡು ನಥಿಂಗ್’ ಆರಿಸಿ.

ಯಾವಾಗಲೂ ಸಣ್ಣ ಎಂದರೆ ಹೆಡ್‌ಫೋನಿನ ಇಂಪಿಡೆನ್ಸ್ (ಕರೆಂಟಿಗೆ ಅದು ಒಡ್ಡುವ ತಡೆ) ನೋಡಿ. ಡಬ್ಬಿಯ ಮೇಲೆ ಓಮ್‌ಗಳಲ್ಲಿ ಬರೆದಿರುತ್ತದೆ. 16–32 ಓಮ್‌ನದ್ದು ಫೋನಿಗೂ ಸುಲಭ. 250, 300, 600 ಓಮ್‌ನವು ಹೆಚ್ಚಿನ ವೋಲ್ಟೇಜ್ ಕೇಳುತ್ತವೆ. ಸಾಮಾನ್ಯ ಆನ್‌ಬೋರ್ಡ್ ಜಾಕ್ ಅಲ್ಲಿ ಸೋಲುತ್ತದೆ.

ಇನ್ನೊಂದು ಕಾಣದ ದೋಷ ಜಾಕಿನದೇ ಔಟ್‌ಪುಟ್ ಇಂಪಿಡೆನ್ಸ್. ಕೆಲವು ಬೋರ್ಡುಗಳಲ್ಲಿ ರಕ್ಷಣೆಗೆಂದು ಸರಣಿಯಲ್ಲಿ ಹತ್ತಾರು ಓಮ್ ರೆಸಿಸ್ಟರ್ ಇರುತ್ತದೆ. ಅದು 75 ಓಮ್ ಎಂದುಕೊಳ್ಳಿ, ಹೆಡ್‌ಫೋನ್ 32: ಒಟ್ಟು 107ರಲ್ಲಿ 32ರ ಪಾಲು, ಅಂದರೆ ಶೇಕಡ 30ರಷ್ಟು ವೋಲ್ಟೇಜ್ ಮಾತ್ರ ಹೆಡ್‌ಫೋನಿಗೆ. ಸದ್ದು ಸುಮಾರು 10 ಡೆಸಿಬೆಲ್ ಕುಸಿಯುತ್ತದೆ. ಜೊತೆಗೆ ಇಂಪಿಡೆನ್ಸ್ ಸ್ವರದಿಂದ ಸ್ವರಕ್ಕೆ ಬದಲಾಗುವ ಹೆಡ್‌ಫೋನಾದರೆ ದನಿಯ ಬಣ್ಣವೇ ಬದಲಾಗಿ, ಮಂದ್ರ ಉಬ್ಬಿದಂತೆ ಕೇಳುತ್ತದೆ. ರೂಢಿಯ ಲೆಕ್ಕ: ಜಾಕಿನ ಇಂಪಿಡೆನ್ಸ್ ಹೆಡ್‌ಫೋನಿನ ಎಂಟನೇ ಒಂದು ಭಾಗ ಮೀರಬಾರದು, 32 ಓಮ್‌ಗೆ 4. ಇಲ್ಲಿ ಹೆಡ್‌ಫೋನ್ ಆಂಪ್ಲಿಫೈಯರ್ ಇರುವ ಕಾರ್ಡು ಅಥವಾ ಯುಎಸ್‌ಬಿ ಡ್ಯಾಕ್ (ಡಿಜಿಟಲ್ ಸದ್ದನ್ನು ಅನಲಾಗ್ ಮಾಡುವ ಹೊರಗಿನ ಪೆಟ್ಟಿಗೆ) ಕೊಟ್ಟ ದುಡ್ಡಿಗೆ ನಿಜವಾಗಿ ಕೆಲಸ ಮಾಡುತ್ತದೆ. ತನ್ನದೇ ಆಂಪ್ಲಿಫೈಯರ್ ಇರುವ ಸ್ಪೀಕರಿಗೆ ಈ ಮಾತು ಅನ್ವಯಿಸದು.

ಮೈಕಿನಲ್ಲಿ ಸುಸ್ ಎಂಬ ಸದ್ದು, ಮಾತು ಕ್ಷೀಣ

ಮೈಕ್ ಬೂಸ್ಟ್ +30 ಡೆಸಿಬೆಲ್‌ಗೆ ಏರಿಸಿದರೆ ವೋಲ್ಟೇಜ್ 30 ಪಟ್ಟು ಮೀರಿ ಹಿಗ್ಗುತ್ತದೆ, ಗಲಾಟೆಯೂ ಅಷ್ಟೇ. +10ಕ್ಕೆ ಇಳಿಸಿ ಮೈಕನ್ನು ಹತ್ತಿರ ತನ್ನಿ. ಬಾಯಿಂದ 60 ಸೆಂ.ಮೀ. ದೂರವಿದ್ದದ್ದನ್ನು 15ಕ್ಕೆ ತಂದರೆ ಸುಮಾರು 12 ಡೆಸಿಬೆಲ್ ಉಚಿತವಾಗಿ ಸಿಗುತ್ತದೆ.

ಗುಲಾಬಿ ಜಾಕ್ ಹೆಡ್‌ಸೆಟ್ಟಿನಲ್ಲಿರುವಂಥ ಎಲೆಕ್ಟ್ರೆಟ್ ಮೈಕಿಗೆ ಬೇಕಾದ ಕೆಲವೇ ವೋಲ್ಟ್ ಕೊಡುತ್ತದೆ. ವೇದಿಕೆಯಲ್ಲಿ ಬಳಸುವ ಡೈನಾಮಿಕ್ ಮೈಕಿಗೆ 50–60 ಡೆಸಿಬೆಲ್ ವರ್ಧನೆ ಬೇಕು. ಸ್ಟುಡಿಯೋ ಕಂಡೆನ್ಸರಿಗೆ ಬೇಕಾದದ್ದು 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಮೈಕಿನ ಕೇಬಲ್ಲಿನಲ್ಲೇ ಬರುವ ವಿದ್ಯುತ್ತು. ಇವೆರಡನ್ನೂ ಆಟದವರಿಗೆಂದು ಮಾರುವ ಸೌಂಡ್ ಕಾರ್ಡೂ ಕೊಡದು. ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಮೈಕ್) ಸಾಕೆಟ್ ಇರುವ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ತೆಗೆದುಕೊಳ್ಳಿ.

ಬ್ಲೂಟೂತ್ ಹೆಡ್‌ಸೆಟ್ಟಿನಲ್ಲಿ ಮೈಕ್ ಚಾಲೂ ಆದೊಡನೆ ಹಾಡು ಹಳೆಯ ಟೆಲಿಫೋನಿನಂತಾದರೆ, ಸಾಧನ ಕರೆಯ ಪ್ರೊಫೈಲಿಗೆ ಜಾರಿದೆ. ಮೈಕನ್ನು ಲ್ಯಾಪ್‌ಟಾಪಿನದ್ದಕ್ಕೆ ಬದಲಿಸಿದರೆ ಸರಿಹೋಗುತ್ತದೆ.

ಕಾರ್ಡ್ ಹಾಕಿದೆ, ವ್ಯತ್ಯಾಸವೇ ಇಲ್ಲ

ಹೆಡ್‌ಫೋನ್ ಇನ್ನೂ ಮದರ್‌ಬೋರ್ಡಿನ ಜಾಕಿನಲ್ಲೇ ಇದೆಯೇ? ನಗಬೇಡಿ, ಮೊದಲು ನೋಡಬೇಕಾದ್ದು ಇದೇ. ಎಚ್‌ಡಿಎಂಐ ಮೂಲಕ ಮಾನಿಟರಿನ ಜಾಕಿನಲ್ಲಿ ಕೇಳುತ್ತಿದ್ದರೂ ಕಾರ್ಡಿಗೆ ಕೆಲಸವೇ ಇಲ್ಲ. ಮುಂಭಾಗದ ಜಾಕ್ ಕೂಡ, ಅದರ ಕೇಬಲ್ ಬದಲಿಸುವವರೆಗೆ, ಹಳೆಯ ಚಿಪ್ಪಿಗೇ ಸೇರಿರುತ್ತದೆ.

ಆ ಕೇಬಲ್ ಬದಲಿಸುವಾಗ ಎಚ್ಚರ. ಅದು ಕೂರುವ ಪಿನ್ನಿನ ಸಾಲಿಗೆ ಹೆಡರ್ ಎನ್ನುತ್ತಾರೆ. ಆಡಿಯೋ ಹೆಡರೂ ಯುಎಸ್‌ಬಿ 2.0 ಹೆಡರೂ ಒಂದೇ ಅಳತೆಯವು: ಎರಡು ಸಾಲಿನಲ್ಲಿ ಹತ್ತು ಜಾಗ, ಒಂಬತ್ತು ಪಿನ್. ಆಡಿಯೋದಲ್ಲಿ 8ನೇ ಪಿನ್ ಇರುವುದಿಲ್ಲ, ಯುಎಸ್‌ಬಿಯಲ್ಲಿ 9ನೆಯದು. ಪ್ಲಗ್ ಕೂರಲು ಹಟ ಮಾಡಿದರೆ ಒತ್ತಬೇಡಿ, ಬಹುಶಃ ತಪ್ಪು ಹೆಡರ್.

ಕಾರ್ಡೇ ಕಾಣದಿದ್ದರೆ: ಕಂಪ್ಯೂಟರ್ ಬಂದ್ ಮಾಡಿ, ಪವರ್ ಸಪ್ಲೈಯ ಸ್ವಿಚ್ ಆರಿಸಿ, ವೈರ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಇಳಿಸಿಕೊಳ್ಳಿ. ಕಾರ್ಡ್ ಕಿತ್ತು ನೇರವಾಗಿ ಮತ್ತೆ ಕೂರಿಸಿ ಸ್ಕ್ರೂ ಬಿಗಿಯಿರಿ. ಪಿಸಿಐಇ ಎಕ್ಸ್1 ಎಂಬ ಚಿಕ್ಕ ಸ್ಲಾಟಿನ ಕಾರ್ಡು ಉದ್ದದ ಸ್ಲಾಟಿನಲ್ಲೂ ನಡೆಯುತ್ತದೆ. ಗ್ರಾಫಿಕ್ಸ್ ಕಾರ್ಡಿನಿಂದ ಆದಷ್ಟು ದೂರದ್ದನ್ನು ಆರಿಸಿ. ಹಳೆಯ ಪಿಸಿಐ ಕಾರ್ಡು ಹೊಸ ಸ್ಲಾಟಿಗೆ ಹೊಂದುವುದಿಲ್ಲ. ಕೆಲವು ಕಾರ್ಡುಗಳು ಪ್ರತ್ಯೇಕ ಪವರ್ ಕನೆಕ್ಟರ್ ಕೇಳುತ್ತವೆ. ಕೆಲವು ಬೋರ್ಡುಗಳಲ್ಲಿ ಎಂ.2 ಎಸ್‌ಎಸ್‌ಡಿ ಹಾಕಿದರೆ ಒಂದು ಸ್ಲಾಟ್ ಸುಮ್ಮನಾಗುತ್ತದೆ, ಕೈಪಿಡಿ ನೋಡಿ. ಹೊಸದು ಸರಿಯಾಗಿ ಹಾಡುವವರೆಗೆ ಬಯೋಸ್‌ನಲ್ಲಿ ಆನ್‌ಬೋರ್ಡನ್ನು ಬಂದ್ ಮಾಡಬೇಡಿ. ಹೋಲಿಸಲು ಅದು ಬೇಕು.

ಇಲ್ಲಿಗೆ ಕೈ ಬಿಡಿ

ಸುಟ್ಟ ವಾಸನೆ ಬಂದರೆ, ಆಡಿಯೋ ಜಾಕಿನ ಹತ್ತಿರದ ಕೆಪಾಸಿಟರುಗಳ ತಲೆ ಉಬ್ಬಿದ್ದರೆ ಅಥವಾ ದ್ರವ ಒಸರಿದ್ದರೆ ತಕ್ಷಣ ವೈರ್ ಕಿತ್ತು ಬೋರ್ಡ್ ರಿಪೇರಿ ಬಲ್ಲವರಿಗೆ ಕೊಡಿ. ಜಾಕ್ ಬೋರ್ಡಿನಿಂದ ಸಡಿಲಗೊಂಡಿದ್ದರೂ ಅಷ್ಟೇ; ಬೆಸುಗೆ ಹಾಕಿದ ಅನುಭವವಿಲ್ಲದೆ ಬಹುಪದರದ ಬೋರ್ಡಿಗೆ ಕೈ ಹಾಕಬಾರದು. ಪವರ್ ಸಪ್ಲೈಯನ್ನಂತೂ ಬಿಚ್ಚಲೇಬೇಡಿ, ವೈರ್ ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ ಅಪಾಯದ ವೋಲ್ಟೇಜ್ ಉಳಿದಿರುತ್ತದೆ. ಆಂಪ್ಲಿಫೈಯರ್ ಇರುವ ಸ್ಪೀಕರಿಗೂ ಇದೇ ನಿಯಮ.

ಕ್ಯಾಬಿನೆಟ್ ಮುಟ್ಟಿದರೆ ಅಥವಾ ಹೆಡ್‌ಫೋನ್ ಪ್ಲಗ್ ಹಿಡಿದರೆ ಜುಮ್ ಎನ್ನುತ್ತದೆಯೇ? ಸಾಕೆಟ್ಟಿನಲ್ಲಿ ಅರ್ತಿಂಗ್ ಇಲ್ಲದಿರುವ ಲಕ್ಷಣ ಅದು. ಪವರ್ ಸಪ್ಲೈಯ ಫಿಲ್ಟರ್ ಕೆಪಾಸಿಟರುಗಳ ಮೂಲಕ ಮೇನ್ಸ್ ವೋಲ್ಟೇಜಿನ ಅರ್ಧದಷ್ಟು ಲೋಹದ ಮೇಲೆ ಬಂದು ನಿಂತಿರುತ್ತದೆ. ಗುಂಯ್ ಸದ್ದಿಗೂ ಇದೇ ಮೂಲವಿರಬಹುದು. ಆಡಿಯೋ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಸಿ, ಅರ್ತಿಂಗ್ ಅಳತೆ ಮಾಡಿಸಿ. ಅದು ಸರಿಯಾದ ಮೇಲೆ ಮೇಲಿನ ಪರೀಕ್ಷೆಗಳನ್ನು ಮೊದಲಿನಿಂದ ಮಾಡಿ, ಏಕೆಂದರೆ ಮುಂಚೆ ಕೇಳಿದ ಅರ್ಧ ಸದ್ದುಗಳು ಆಗ ಇರುವುದೇ ಇಲ್ಲ.